ಪೆಸಿಫಿಕಾ 012, 112ಜೆ, ಸ್ಕ್ವಯರ್ ಅಫಿನಿಟಿ: ಮೂರೂ ಒಂದೇ ತರ ಕಾಣುತ್ತವೆ, ಯಾವುದನ್ನು ಕೊಳ್ಳಲಿ?

ಬದಿಯಡ್ಕದಿಂದ ಕೇಳಿದ್ದೀರಿ. ಎರಡು ವರ್ಷ ಅಕೂಸ್ಟಿಕ್ ನುಡಿಸಿದ್ದೀರಿ, ಈಗ ಮೊದಲ ಎಲೆಕ್ಟ್ರಿಕ್ ಗಿಟಾರ್ ಬೇಕು. ಆಂಪ್ (ಆಂಪ್ಲಿಫೈಯರ್) ಸೇರಿ ನಲವತ್ತು ಸಾವಿರ ದಾಟಬಾರದು. ರಾತ್ರಿ ಮನೆಯಲ್ಲಿ ಅಭ್ಯಾಸ, ಆಗೊಮ್ಮೆ ಈಗೊಮ್ಮೆ ಭಜನಾ ಮಂದಿರ, ವರ್ಷಕ್ಕೊಮ್ಮೆ ಗಣೇಶೋತ್ಸವದ ಆರ್ಕೆಸ್ಟ್ರಾ. ವಿಡಿಯೋ ನೋಡಿ ನೋಡಿ ತಲೆ ಗಿರ್ ಅನ್ನುತ್ತಿದೆ ಅಂದಿದ್ದೀರಿ. ನಾನು ಕುಂಬಳೆ ಕಡೆಯವನು. ನಮ್ಮೂರಿನ ಲೆಕ್ಕದಲ್ಲೇ ಹೇಳುತ್ತೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬಜೆಟ್ಟಿಗೆ ಹೊಂದಿದರೆ 112ಜೆ. ಹೊಂದದಿದ್ದರೆ 012 ತೆಗೆದುಕೊಳ್ಳಿ, ಉಳಿದದ್ದನ್ನು ಆಂಪಿಗೆ ಹಾಕಿ. ಅಫಿನಿಟಿಯೇ ಬೇಕೆಂದು ಮನಸ್ಸಿದ್ದರೆ ಎಚ್‌ಎಸ್‌ಎಸ್ ಇರುವುದನ್ನೇ ಕೇಳಿ, ಮೂರು ಸಿಂಗಲ್ ಕಾಯಿಲ್‌ನದ್ದು ಬೇಡ (ಇವು ಪಿಕಪ್, ಅಂದರೆ ತಂತಿಯ ಕಂಪನ ಹಿಡಿಯುವ ಭಾಗದ ಬಗೆಗಳು, ಕೆಳಗೆ ಬಿಡಿಸಿ ಹೇಳುತ್ತೇನೆ).

ಮೂರೂ ಒಂದೇ ತರ ಕಾಣುವುದು ನಿಮ್ಮ ಕಣ್ಣಿನ ದೋಷ ಅಲ್ಲ. ಫೆಂಡರ್ ಕಂಪನಿ 1954ರಲ್ಲಿ ತಂದ ಸ್ಟ್ರಾಟೊಕಾಸ್ಟರ್‌ನ ಆಕಾರವೇ ಮೂರಕ್ಕೂ ಮೂಲ. ಸ್ಕ್ವಯರ್ ಅಂದರೆ ಫೆಂಡರ್‌ನದ್ದೇ ಕಡಿಮೆ ಬೆಲೆಯ ಹೆಸರು. ಪೆಸಿಫಿಕಾ 1990ರಲ್ಲಿ ಬಂದ ಯಮಹಾ ಸರಣಿ, 012 ಮತ್ತು 112ಜೆ ಎರಡೂ ಅದರವೇ. ನಮ್ಮೂರಲ್ಲಿ ಯಮಹಾ ಅಂದರೆ ಎಲ್ಲರಿಗೂ ಆರ್‌ಎಕ್ಸ್ 100 ಬೈಕೇ ನೆನಪಾಗುವುದು. ಆದರೆ ಆ ಕಂಪನಿ 1887ರಲ್ಲಿ ಶುರುವಾದದ್ದು ರೀಡ್ ಆರ್ಗನ್ ಮಾಡಿಕೊಂಡು. ಬೈಕಿನ ಮೇಲಿನ ಗುರುತಿನಲ್ಲಿ ಇರುವುದು ಕೂಡ ಮೂರು ಟ್ಯೂನಿಂಗ್ ಫೋರ್ಕ್. ಇರಲಿ, ವಿಷಯಕ್ಕೆ ಬರೋಣ.

ಮೂರರ ಸ್ಕೇಲ್ ಉದ್ದವೂ, ಅಂದರೆ ಮೇಲಿನ ನಟ್‌ನಿಂದ ಕೆಳಗಿನ ಬ್ರಿಡ್ಜ್‌ವರೆಗೆ ತಂತಿ ನುಡಿಯುವ ಉದ್ದ, ಇಪ್ಪತ್ತೈದೂವರೆ ಇಂಚು. ಪೆಸಿಫಿಕಾದಲ್ಲಿ 22 ಫ್ರೆಟ್, ಅಫಿನಿಟಿಯಲ್ಲಿ 21. ಆ ಒಂದು ಫ್ರೆಟ್ಟಿಗಾಗಿ ಜಗಳ ಮಾಡುವವರನ್ನು ಸುಮ್ನೆ ಬಿಟ್ಟುಬಿಡಿ. ಭಜನೆಗೆ ಅದು ಬೇಕಾಗುವುದೇ ಇಲ್ಲ. 112ಜೆಯ ದೇಹ ಆಲ್ಡರ್ ಮರ, ಅಫಿನಿಟಿಯದ್ದು ಪಾಪ್ಲರ್, 012ರದ್ದು ಸ್ವಲ್ಪ ಅಗ್ಗದ ಮರ. ಮರದಿಂದ ನಾದ ಬದಲಾಗುತ್ತದೆ ಅಂತ ಗಂಟೆಗಟ್ಟಲೆ ವಾದ ನಡೆಯುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್, ಆಂಪ್, ಬೆರಳು ಇವುಗಳ ಮುಂದೆ ಮರದ ಪಾಲು ಸಣ್ಣದು ಅನ್ನುವುದು ನನ್ನ ಅಭಿಪ್ರಾಯ. ಮರ ನೋಡಿ ದುಡ್ಡು ಜಾಸ್ತಿ ಕೊಡಬೇಡಿ.

ಫ್ರೆಟ್‌ಬೋರ್ಡಿನ (ಬೆರಳಿಡುವ ಪಟ್ಟಿ) ಬಗ್ಗೆ ಒಂದು ಮಾತು, ಮರದ ಮಾತು ಬಂತಲ್ಲ. ಬೀಟೆ ಜಾತಿಯ ಮರಗಳ ವ್ಯಾಪಾರಕ್ಕೆ 2017ರಲ್ಲಿ ಸೈಟಿಸ್ (ಅಳಿವಿನಂಚಿನ ಸಸ್ಯ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ) ಒಪ್ಪಂದದಡಿ ಬಿಗಿ ನಿಯಮ ಬಂತು. ಆಗ ಹಲವು ಕಂಪನಿಗಳು ಬೇರೆ ಮರ ಹುಡುಕಿದವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದರೂ ಸ್ಕ್ವಯರ್‌ನವರು ಇಂಡಿಯನ್ ಲಾರೆಲ್ ಬಿಡಲಿಲ್ಲ. ಅದು ಬೇರೇನೂ ಅಲ್ಲ, ನಮ್ಮ ಕರಿಮತ್ತಿ, ಮಲಯಾಳಿಗಳ ಕರಿಮರುತು. ಮನೆಯ ಪಕ್ಕಾಸಿಗೆ ಹಾಕುವ ಗಟ್ಟಿ ಮರ. ಲಾರೆಲ್ ಅಂದರೆ ಕಳಪೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ನಿಜವಾದ ವ್ಯತ್ಯಾಸ ಎರಡು ಕಡೆ ಇದೆ. ಒಂದು, ನೆಕ್ಕಿನ ಉಬ್ಬು. ಅಫಿನಿಟಿಯ ಫ್ರೆಟ್‌ಬೋರ್ಡಿನ ರೇಡಿಯಸ್ ಒಂಬತ್ತೂವರೆ ಇಂಚು, ಪೆಸಿಫಿಕಾದ್ದು ಹದಿಮೂರು ಮುಕ್ಕಾಲು. ರೇಡಿಯಸ್ ಕಡಿಮೆ ಇದ್ದಷ್ಟೂ ಉಬ್ಬು ಜಾಸ್ತಿ. ಉಬ್ಬು ಜಾಸ್ತಿ ಇದ್ದರೆ ಬಾರೆ ಕಾರ್ಡ್ (ಒಂದೇ ಬೆರಳಲ್ಲಿ ತಂತಿಗಳನ್ನೆಲ್ಲ ಒತ್ತುವುದು) ಹಿಡಿಯಲು ಕೈಗೆ ಹಿತ. ಚಪ್ಪಟೆ ಇದ್ದರೆ ತಂತಿಯನ್ನು ಎಳೆದು ಜಾರಿಸಲು ಸುಲಭ, ಎಳೆದಾಗ ಸ್ವರ ಸಾಯುವುದಿಲ್ಲ. ಭಜನೆಯಲ್ಲಿ ಹಾಡಿನ ಜೊತೆ ಗಮಕದ ತರ ಎಳೆಯುವ ಆಸೆ ನಿಮಗಿದ್ದರೆ ಪೆಸಿಫಿಕಾ ಕಡೆಗೇ ನನ್ನ ಓಟು. ಕರ್ನಾಟಕ ಸಂಗೀತವನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸುವ ಪ್ರಸನ್ನ ಅವರ ಎಡಗೈಯನ್ನು ಒಮ್ಮೆ ಗಮನಿಸಿ. ಎಳೆತ ಅಂದರೆ ಏನು ಅಂತ ತಿಳಿಯುತ್ತದೆ.

ಎರಡನೆಯದು ಪಿಕಪ್. ನಮ್ಮ ಊರಿಗೆ ಇದೇ ಮುಖ್ಯ. ಸಿಂಗಲ್ ಕಾಯಿಲ್ ಪಿಕಪ್ ಅಂದರೆ ಕಾಂತದ ಸುತ್ತ ಸುತ್ತಿದ ತಾಮ್ರದ ತಂತಿ, ಅಷ್ಟೇ. ಅದು ಗಿಟಾರಿನ ಸದ್ದನ್ನಷ್ಟೇ ಅಲ್ಲ, ಸುತ್ತಲಿನ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಇದಕ್ಕೊಂದು ಉಪಾಯ ಮಾಡಿದರು. ಎರಡು ಕಾಯಿಲ್ ಪಕ್ಕಪಕ್ಕ ಇಟ್ಟು, ಒಂದರ ಸುತ್ತನ್ನೂ ಕಾಂತವನ್ನೂ ಉಲ್ಟಾ ಮಾಡಿದರು. ತಂತಿಯ ಸದ್ದು ಕೂಡಿಕೊಳ್ಳುತ್ತದೆ, ಕರೆಂಟಿನ ಗುಂಯ್ ಒಂದನ್ನೊಂದು ಕಳೆಯುತ್ತದೆ. ಅದೇ ಹಂಬಕರ್. ಎಚ್‌ಎಸ್‌ಎಸ್ ಅಂದರೆ ಬ್ರಿಡ್ಜಿನ ಹತ್ತಿರ ಒಂದು ಹಂಬಕರ್, ಉಳಿದ ಎರಡು ಸಿಂಗಲ್. ಪೆಸಿಫಿಕಾ ಎರಡೂ ಹೀಗೇ. ಅಫಿನಿಟಿ ಎರಡು ತರದಲ್ಲೂ ಸಿಗುತ್ತದೆ, ಅದಕ್ಕೇ ಮೇಲೆ ಹಾಗೆ ಹೇಳಿದ್ದು.

ಬೆಂಗಳೂರಿನ ಸ್ಟುಡಿಯೋದಲ್ಲಿ ಮಾಡಿದ ವಿಡಿಯೋದಲ್ಲಿ ಈ ಗುಂಯ್ ಕೇಳುವುದಿಲ್ಲ. ನಮ್ಮ ಹಂಚಿನ ಮನೆಗಳ ಕಥೆ ಬೇರೆ. ಹಳೆ ವೈರಿಂಗ್, ಅರ್ತ್ ಇದೆಯೋ ಇಲ್ಲವೋ ದೇವರಿಗೇ ಗೊತ್ತು. ಮಳೆಗಾಲದಲ್ಲಿ ಕರೆಂಟ್ ಹೋದರೆ ಇನ್ವರ್ಟರ್. ಅದು ಹಳೇ ಸ್ಕ್ವೇರ್ ವೇವ್ ಆಗಿದ್ದರೆ ಗುಂಯ್ ಹೋಗಿ ಝೊಂಯ್ ಆಗುತ್ತದೆ. ಫ್ಯಾನಿನ ರೆಗ್ಯುಲೇಟರ್, ಅಗ್ಗದ ಎಲ್‌ಇಡಿ ಬಲ್ಬು, ಎಲ್ಲವೂ ಸೇರಿಕೊಳ್ಳುತ್ತವೆ. ಸಿಂಗಲ್ ಕಾಯಿಲ್ ಹಿಡಿದು ಕೂತಲ್ಲೇ ತಿರುಗಿ ನೋಡಿ. ಒಂದು ದಿಕ್ಕಿಗೆ ಸದ್ದು ಕಡಿಮೆಯಾಗುತ್ತದೆ. ಅದು ಕೆಟ್ಟುಹೋದ ಗಿಟಾರ್ ಅಲ್ಲ, ಪಿಕಪ್ಪಿನ ಗುಣ. ರಾತ್ರಿ ಮನೆಯವರು ಮಲಗಿದ ಮೇಲೆ ನುಡಿಸುವ ನಿಮಗೆ ಸ್ವಿಚ್ ಒಂದನ್ನು ತಳ್ಳಿದರೆ ಸುಮ್ಮನಾಗುವ ಹಂಬಕರ್ ಇರಲೇಬೇಕು.

ಇಲ್ಲಿ ಒಂದು ಎಚ್ಚರಿಕೆ. ಗುಂಯ್ ನಿಲ್ಲಿಸಲು ಆಂಪಿನ ಪ್ಲಗ್ಗಿನ ಮೂರನೇ ಪಿನ್, ಅಂದರೆ ಅರ್ತ್ ಪಿನ್, ಮುರಿಯುವವರನ್ನು ಉತ್ಸವದ ಸ್ಟೇಜುಗಳಲ್ಲಿ ನೋಡಿದ್ದೇನೆ. ದಯವಿಟ್ಟು ಅದೊಂದು ಬೇಡ. ಆಂಪ್ ಒಂದು ಲೈನಿನಲ್ಲಿ, ಮೈಕಿನ ಮಿಕ್ಸರ್ ಇನ್ನೊಂದು ಲೈನಿನಲ್ಲಿ ಇದ್ದು, ಅರ್ತ್ ಸರಿ ಇಲ್ಲದಿದ್ದರೆ, ಗಿಟಾರಿನ ತಂತಿ ಹಿಡಿದುಕೊಂಡು ತುಟಿ ಮೈಕಿಗೆ ತಾಗಿದ ಕ್ಷಣ ಶಾಕ್ ಹೊಡೆಯುತ್ತದೆ. ಮಳೆ ಬಿದ್ದು ನೆಲ ಒದ್ದೆಯಿದ್ದರೆ ಜೀವಕ್ಕೇ ಅಪಾಯ. ಸೌಂಡಿನವರ ಹತ್ತಿರ ಎರಡನ್ನೂ ಅರ್ತ್ ಇರುವ ಒಂದೇ ಬೋರ್ಡಿನಿಂದ ಕೊಡಿ ಅಂತ ಕೇಳಿ. ಮುಖ ಗಂಟು ಹಾಕಿಕೊಂಡರೂ ಪರವಾಗಿಲ್ಲ ಮಾರಾಯ್ರೆ, ಕೇಳಿ.

112ವಿ ಅಂತ ಇನ್ನೊಂದು ಇದೆಯಲ್ಲ, ಅದನ್ನೂ ಕೇಳುತ್ತೀರಿ ಅಂತ ಗೊತ್ತು. ಅದರಲ್ಲಿ ಆಲ್ನಿಕೋ ಕಾಂತದ ಪಿಕಪ್ ಇದೆ. ಟೋನ್ ಗುಂಡಿ ಎಳೆದರೆ ಹಂಬಕರ್ ಅರ್ಧ ಆಫ್ ಆಗಿ ಸಿಂಗಲ್ ಕಾಯಿಲ್‌ನಂತೆ ನುಡಿಯುತ್ತದೆ. ಒಳ್ಳೆಯದೇ. ಆದರೆ ಆಂಪ್ ಸೇರಿ ನಿಮ್ಮ ಬಜೆಟ್ಟಿನಲ್ಲಿ ಅದು ಕಷ್ಟ. ಒಳ್ಳೆ ಗಿಟಾರನ್ನು ಕೆಟ್ಟ ಆಂಪಿಗೆ ಹಾಕುವುದಕ್ಕಿಂತ 012ನ್ನು ಸಾಧಾರಣ ಆಂಪಿಗೆ ಹಾಕಿದರೆ ಕಿವಿಗೆ ಹಿತ. ಬ್ಲ್ಯಾಕ್‌ಸ್ಟಾರ್ ಫ್ಲೈ 3 ತರದ್ದು ಬ್ಯಾಟರಿಯಲ್ಲೂ ನಡೆಯುತ್ತದೆ. ಜೂನ್, ಜುಲೈನಲ್ಲಿ ಬದಿಯಡ್ಕದಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಕೊಳ್ಳುವ ದಾರಿ. ಆನ್‌ಲೈನ್ ಬೇಡ. ತಲಪಾಡಿ ದಾಟಿ ಮಂಗಳೂರಿಗೆ ಹೋಗಿ, ಕೈಯಲ್ಲಿ ಹಿಡಿದು ನೋಡಿ. ಯಾಕೆಂದರೆ ಒಂದು ಮಾಡೆಲಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸಕ್ಕಿಂತ, ಒಂದೇ ಮಾಡೆಲಿನ ಎರಡು ಗಿಟಾರುಗಳ ನಡುವಿನ ವ್ಯತ್ಯಾಸ ಕೆಲವೊಮ್ಮೆ ಜಾಸ್ತಿ. ಒಂದೇ ಗೋಡೆಯಲ್ಲಿ ನೇತುಹಾಕಿದ ಎರಡು 012 ನುಡಿಸಿದ್ದೆ. ಒಂದರ ನೆಕ್ ನೇರ, ಇನ್ನೊಂದರಲ್ಲಿ ಒಂಬತ್ತನೇ ಫ್ರೆಟ್ಟಿನಿಂದ ಮೇಲೆ ಬರೀ ಝರ್ ಝರ್. ಬೆಲೆ ಒಂದೇ. ಹಾಗಾಗಿ ಸ್ಟಾಕಿನಲ್ಲಿ ಎಷ್ಟಿದೆಯೋ ಅಷ್ಟನ್ನೂ ಇಳಿಸಲು ಹೇಳಿ. ಆಂಪಿನಲ್ಲಿ ಡಿಸ್ಟಾರ್ಷನ್ ಆಫ್ ಮಾಡಿಸಿ, ಅದು ಎಲ್ಲ ದೋಷವನ್ನೂ ಮುಚ್ಚುತ್ತದೆ. ಪ್ರತಿ ತಂತಿಯಲ್ಲೂ ಪ್ರತಿ ಫ್ರೆಟ್ ಒತ್ತಿ ನೋಡಿ. ಹನ್ನೆರಡನೇ ಫ್ರೆಟ್ಟಿನ ಮೇಲೆ ಸುಮ್ಮನೆ ಬೆರಳು ತಾಗಿಸಿದಾಗಿನ ಸ್ವರ, ಅಲ್ಲೇ ಒತ್ತಿದಾಗಿನ ಸ್ವರ ಎರಡೂ ಟ್ಯೂನರಿನಲ್ಲಿ ಒಂದೇ ಬರಬೇಕು. ಬರದಿದ್ದರೆ ಬ್ರಿಡ್ಜಿನ ಮೇಲೆ ತಂತಿ ಕೂರುವ ಸ್ಯಾಡಲನ್ನು ಅಲ್ಲೇ ಸರಿ ಮಾಡಿಸಿ. ಟ್ಯೂನ್ ಮಾಡುವಾಗ ನಟ್ಟಿನಿಂದ ಟಿಕ್ ಅಂತ ಸದ್ದು ಬಂದರೆ ತಂತಿ ಸಿಕ್ಕಿಕೊಳ್ಳುತ್ತಿದೆ ಅಂತ ಅರ್ಥ. ಬೇರೆಯದು ನೋಡಿ. ಪಿಕಪ್ ಆಮೇಲೆ ಬದಲಿಸಬಹುದು, ಡೊಂಕು ನೆಕ್ಕಿಗೆ ಕಾಸರಗೋಡಿನಲ್ಲಿ ಮದ್ದಿಲ್ಲ. ಬಿಲ್ ಮಾಡುವ ಮೊದಲೇ ಸೆಟಪ್ ಫ್ರೀಯಾ ಅಂತ ಕೇಳಿಬಿಡಿ, ಆಮೇಲೆ ಕೇಳಿದರೆ ದುಡ್ಡು.

ಅಲ್ಲೇ ಇನ್ನೊಂದು ಕೆಲಸ ಮಾಡಿಸಿ. ಮೂರಕ್ಕೂ ಅಲುಗಾಡುವ ಟ್ರೆಮೊಲೊ ಬ್ರಿಡ್ಜ್ ಇರುತ್ತದೆ. ಹಿಂದಿನ ಮುಚ್ಚಳ ತೆಗೆದು ಸ್ಪ್ರಿಂಗ್ ಬಿಗಿ ಮಾಡಿಸಿ, ಬ್ರಿಡ್ಜ್ ದೇಹಕ್ಕೆ ಒರಗಿ ಕೂರಲಿ. ಭಜನೆಯಲ್ಲಿ ನೀವು ಹಾರ್ಮೋನಿಯಂಗೆ ಟ್ಯೂನ್ ಮಾಡಬೇಕು, ಹಾರ್ಮೋನಿಯಂ ನಿಮಗೆ ಟ್ಯೂನ್ ಆಗುವುದಿಲ್ಲ ಅಲ್ವಾ? ಹಳೆ ಪೆಟ್ಟಿಗೆಗಳು ಟ್ಯೂನರಿನ ಲೆಕ್ಕಕ್ಕೆ ಸರಿಯಾಗಿ ನಿಲ್ಲುವುದೂ ಕಡಿಮೆ. ತೇಲುವ ಬ್ರಿಡ್ಜಿನಲ್ಲಿ ಒಂದು ತಂತಿ ಬಿಗಿ ಮಾಡಿದರೆ ಉಳಿದ ಐದೂ ಇಳಿಯುತ್ತವೆ. ನೀವು ಟ್ಯೂನ್ ಮಾಡಿ ಮುಗಿಸುವಾಗ ಮಂಗಳಾರತಿ ಆಗಿರುತ್ತದೆ. ಹಾಡುವವರು ಕಪ್ಪು ಎರಡು (ಹಾರ್ಮೋನಿಯಂನ ಎರಡನೇ ಕಪ್ಪು ಮನೆ, ಡಿ ಶಾರ್ಪ್) ಅಂದರೆ ಮೂರನೇ ಫ್ರೆಟ್ಟಿಗೆ ಕ್ಯಾಪೊ ಹಾಕಿ ಸಿ ಕಾರ್ಡಿನಿಂದ ಶುರು ಮಾಡಿ.

ಮನೆಗೆ ತಂದ ಮೇಲೆ ಮಳೆಗಾಲದ ಲೆಕ್ಕ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ಜಿಲ್ಲೆ ಇದು. ಕೆಂಪುಕಲ್ಲಿನ ಗೋಡೆಗೆ ಒರಗಿಸಿ ಇಡಬೇಡಿ, ಗೋಡೆ ಬೆವರುತ್ತದೆ. ನುಡಿಸಿದ ಕೂಡಲೇ ಒಣ ಬಟ್ಟೆಯಲ್ಲಿ ತಂತಿ ಒರೆಸಿ. ಇಲ್ಲದಿದ್ದರೆ ಬೇಗ ತುಕ್ಕು ಹಿಡಿಯುತ್ತದೆ, ತುಕ್ಕು ತಂತಿ ಫ್ರೆಟ್ಟನ್ನೂ ತಿನ್ನುತ್ತದೆ. ಬ್ಯಾಗಿನೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಬೂಸ್ಟು ಬರುವುದಿಲ್ಲ. ಗುಂಡಿ ತಿರುಗಿಸುವಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಸಿ. ಫ್ರೆಟ್‌ಬೋರ್ಡಿಗೆ ಮಾತ್ರ ತೆಂಗಿನೆಣ್ಣೆ ಹಚ್ಚಬೇಡಿ, ಜಿಗುಟಾಗಿ ನಾರುತ್ತದೆ. ಅಜ್ಜಿಯ ಸಲಹೆ ಬಂದೇ ಬರುತ್ತದೆ, ನಕ್ಕು ತಲೆಯಾಡಿಸಿ.

ಬೆಲೆ ಆಗಾಗ ಬದಲಾಗುವುದರಿಂದ ಹೊರಡುವ ಮುಂಚೆ ಅಂಗಡಿಗೆ ಫೋನ್ ಮಾಡಿ, 112ಜೆ ಮತ್ತು 012 ಎರಡೂ ಸ್ಟಾಕಿನಲ್ಲಿ ಇದೆಯಾ ಅಂತ ವಿಚಾರಿಸಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದೇ ಅದು.