ಇಲ್ಲದ ಮಕ್ಕಳು ಕಾಣುತ್ತಾರೆ: ಇದು ಮನೋರೋಗವೇ, ಮರೆವಿನ ಕಾಯಿಲೆಯೇ?

ಪ್ರಶ್ನೆ: ನನ್ನ ತಾಯಿಗೆ 72 ವರ್ಷ, ಶಾಲೆಗೆ ಹೋದವರಲ್ಲ. ಒಂದು ವರ್ಷದಿಂದ ಸಂಜೆಯಾದರೆ ಪಡಸಾಲೆಯಲ್ಲಿ ಮಕ್ಕಳು ಕುಳಿತಿದ್ದಾರೆ ಎನ್ನುತ್ತಾರೆ. ಒಂದು ದಿನ ಸರಿಯಾಗಿ ಮಾತನಾಡಿದರೆ ಮರುದಿನ ಮಂಕಾಗಿರುತ್ತಾರೆ. ಮೊದಲ ವೈದ್ಯರು ಮನೋರೋಗವೆಂದು ಹ್ಯಾಲೊಪೆರಿಡಾಲ್ ಕೊಟ್ಟರು; ವಾರದೊಳಗೆ ಮೈ ಬಿಗಿದು ನಡೆಯಲಾಗದಂತಾಯಿತು. ಅದನ್ನು ನಿಲ್ಲಿಸಿದ ಎರಡನೆಯವರು ಪಾರ್ಕಿನ್ಸನ್ ಎಂದು ಟ್ರೈಹೆಕ್ಸಿಫೆನಿಡಿಲ್ ಬರೆದರು. ಮೂರನೆಯವರು ಆಲ್ಝೈಮರ್ ಎನ್ನುತ್ತಾರೆ. ಯಾರನ್ನು ನಂಬಬೇಕು?

ಉತ್ತರ: ಮೂವರೂ ಕಂಡದ್ದು ಸುಳ್ಳಲ್ಲ; ಆದರೆ ತಮ್ಮೆದುರು ಆ ದಿನ ಎದ್ದು ಕಂಡ ಒಂದೊಂದು ಲಕ್ಷಣಕ್ಕೆ ಒಬ್ಬೊಬ್ಬರು ಒಂದೊಂದು ಹೆಸರಿಟ್ಟಂತೆ ತೋರುತ್ತದೆ. ನೀವು ಬರೆದದ್ದನ್ನೆಲ್ಲ ಕಾಲಕ್ರಮದಲ್ಲಿ ಜೋಡಿಸಿದರೆ ಲೂವಿ ಬಾಡಿ ಡಿಮೆನ್ಷಿಯಾ ಎಂಬ, ಮರೆವಿನ ಕಾಯಿಲೆಗಳ ಗುಂಪಿಗೆ ಸೇರಿದ ಮಿದುಳಿನ ಕಾಯಿಲೆಯನ್ನು ಶಂಕಿಸಬೇಕಾಗುತ್ತದೆ. 2017ರಲ್ಲಿ ಪರಿಷ್ಕರಿಸಿದ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇದಕ್ಕೆ ನಾಲ್ಕು ಮುಖ್ಯ ಲಕ್ಷಣಗಳಿವೆ: ಎಚ್ಚರ ಮತ್ತು ಗಮನದಲ್ಲಿ ಏರಿಳಿತ, ಇಲ್ಲದ ಜನರೋ ಪ್ರಾಣಿಗಳೋ ಪದೇ ಪದೇ ಸ್ಪಷ್ಟವಾಗಿ ಕಾಣುವುದು, ಕನಸಿನಲ್ಲಿ ಕಂಡಂತೆಯೇ ನಿದ್ದೆಯಲ್ಲಿ ಕೂಗಿ ಕೈಕಾಲು ಬೀಸುವುದು, ಮತ್ತು ಪಾರ್ಕಿನ್ಸನ್ ಮಾದರಿಯ ನಿಧಾನ, ನಡುಕ ಅಥವಾ ಬಿಗಿತ. ಬುದ್ಧಿಯ ಚುರುಕುತನ ಕುಗ್ಗಿ ದಿನನಿತ್ಯದ ಕೆಲಸಕ್ಕೆ ತೊಡಕಾಗಿದ್ದು, ಇವುಗಳಲ್ಲಿ ಎರಡಿದ್ದರೆ ಕಾಯಿಲೆ ಇದೇ ಇರುವ ಸಂಭವ ಹೆಚ್ಚು.

ನಿಮ್ಮ ತಾಯಿಯವರಿಗೆ ಬಂದ ಬಿಗಿತವನ್ನು ಮಾತ್ರ ಈ ಎಣಿಕೆಗೆ ಸೇರಿಸುವಂತಿಲ್ಲ, ಏಕೆಂದರೆ ಅದು ಔಷಧಿಯ ನಂತರ ಬಂದದ್ದು. ಆದರೆ ಹ್ಯಾಲೊಪೆರಿಡಾಲ್‌ಗೆ ದೇಹ ಅಷ್ಟು ತೀವ್ರವಾಗಿ ಪ್ರತಿಕ್ರಿಯಿಸಿದ್ದೇ ಈ ಕಾಯಿಲೆಯ ಪರವಾದ ಸುಳಿವು. ಆ ಬಿಗಿತಕ್ಕೆಂದು ಕೊಟ್ಟ ಟ್ರೈಹೆಕ್ಸಿಫೆನಿಡಿಲ್ ಇಂಥವರಲ್ಲಿ ಮರೆವು, ಗೊಂದಲ, ಭ್ರಮೆಗಳನ್ನು ಹೆಚ್ಚಿಸಬಲ್ಲದು. ಹೀಗೆ ಒಂದು ಮಾತ್ರೆಯ ಅಡ್ಡಪರಿಣಾಮ ಮತ್ತೊಂದು ಕಾಯಿಲೆಯಂತೆ ಕಾಣಿಸುವುದನ್ನು ನಾವು ಆಗಾಗ ನೋಡುತ್ತೇವೆ. ಹಾಗೆಂದು ಟ್ರೈಹೆಕ್ಸಿಫೆನಿಡಿಲನ್ನು ನೀವೇ ಏಕಾಏಕಿ ನಿಲ್ಲಿಸಬೇಡಿ. ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು.

ಮರೆವಿನ ಕಾಯಿಲೆಯ ಶಂಕೆಯಿದ್ದಾಗ ವೈದ್ಯರು ಸಾಮಾನ್ಯವಾಗಿ ಮಾಡುವ 30 ಅಂಕಗಳ ಸ್ಮರಣೆ ಪರೀಕ್ಷೆಯ ಬಗ್ಗೆಯೂ ಎಚ್ಚರ ಅಗತ್ಯ. ಅದರಲ್ಲಿ ಓದುವ, ಬರೆಯುವ, ಪಂಚಭುಜಗಳನ್ನು ನೋಡಿ ಬಿಡಿಸುವ ಭಾಗಗಳಿರುವುದರಿಂದ ಅಕ್ಷರ ಕಲಿಯದವರು ಕಾಯಿಲೆಯಿಲ್ಲದೆಯೂ ಅಂಕ ಕಳೆದುಕೊಳ್ಳುತ್ತಾರೆ. ನಿಮ್ಮ ತಾಯಿ ಹಿಂದೆ ಚುಕ್ಕಿ ರಂಗೋಲಿ ಹಾಕುತ್ತಿದ್ದರೆ, ಈಗ ಗೆರೆಗಳು ಚುಕ್ಕಿ ತಪ್ಪುತ್ತಿವೆಯೇ ಎಂದು ಗಮನಿಸಿ ತಿಳಿಸಿ. ಪೆನ್ಸಿಲ್ ಹಿಡಿಯದ ಕೈಯಿಂದ ಬಿಡಿಸಿದ ಪಂಚಭುಜಕ್ಕಿಂತ ಆ ಮಾಹಿತಿ ನನಗೆ ಹೆಚ್ಚು ಉಪಯುಕ್ತ.

ಲೂವಿ ಬಾಡಿ ಡಿಮೆನ್ಷಿಯಾವೇ ಎಂದು ನಿರ್ಧರಿಸುವ ಮುನ್ನ ಕಣ್ಣಿನ ಪೊರೆ, ಕಿವಿ, ಥೈರಾಯ್ಡ್, ಬಿ12, ರಕ್ತದ ಸೋಡಿಯಂ ಮತ್ತು ಮೂತ್ರದ ಸೋಂಕಿನ ಪರೀಕ್ಷೆಯಾಗಬೇಕು. ದೃಷ್ಟಿ ತೀರ ಮಂದವಾದವರಿಗೂ ಇಲ್ಲದ ಆಕೃತಿಗಳು ಕಾಣುವುದುಂಟು. ತಲೆಗೆ ಪೆಟ್ಟು ಬಿದ್ದಿದ್ದರೆ ಸ್ಕ್ಯಾನ್ ತಡಮಾಡಬಾರದು.

ನರರೋಗ ತಜ್ಞರ ಬಳಿ ಹೋಗುವಾಗ ಲಕ್ಷಣಗಳು ಯಾವ ಕ್ರಮದಲ್ಲಿ ಬಂದವು, ಪ್ರತಿ ಮಾತ್ರೆ ಯಾವಾಗ ಆರಂಭವಾಯಿತು ಎಂದು ಬರೆದೊಯ್ಯಿರಿ. ತಾಯಿಯೊಂದಿಗೆ ಅದೇ ಕೋಣೆಯಲ್ಲಿ ಮಲಗುವವರನ್ನೂ ಕರೆದೊಯ್ಯಿರಿ, ಏಕೆಂದರೆ ನಿದ್ದೆಯ ಲಕ್ಷಣ ಅವರಿಗಷ್ಟೇ ಗೊತ್ತಿರುತ್ತದೆ ಮತ್ತು ಅದು ಎಷ್ಟೋ ವರ್ಷ ಮೊದಲೇ ಶುರುವಾಗಿರಬಹುದು. ಕಾಯಿಲೆ ಖಚಿತವಾದರೆ ರಿವಾಸ್ಟಿಗ್ಮಿನ್‌ನಂತಹ ಔಷಧಿಯಿಂದ ಗಮನವೂ ಭ್ರಮೆಯೂ ಸ್ವಲ್ಪಮಟ್ಟಿಗೆ ಸುಧಾರಿಸಬಹುದು. ಹ್ಯಾಲೊಪೆರಿಡಾಲ್ ಆಗಿಬರಲಿಲ್ಲ ಎಂಬುದನ್ನು ಫೈಲಿನ ಮೊದಲ ಪುಟದಲ್ಲೇ ದೊಡ್ಡದಾಗಿ ಬರೆಸಿಡಿ. ಬೇರೆ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಿದಾಗ, ರಾತ್ರಿ ಗಲಾಟೆ ಮಾಡುತ್ತಾರೆಂದು ಅದೇ ಔಷಧಿಯ ಇಂಜೆಕ್ಷನ್ ಕೊಡುವ ಸಾಧ್ಯತೆ ಇರುತ್ತದೆ.