ಬರಹಗಾರರಿಗೆ ಸಲಹೆ: ತುಪ್ಪದ ಹನಿಯಿಂದ ಶುರು ಮಾಡಿ

ನಮಸ್ಕಾರ. ಪ್ಲೇಗ್ ಲಸಿಕೆ ಕಂಡುಹಿಡಿದ ವಾಲ್ಡೆಮಾರ್ ಹಾಫ್ಕಿನ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡ್ಕೋಬೇಡಿ, ಕಾರಣ ಹೇಳುತ್ತೇನೆ.

ಮೊದಲ ಪುಟ ಪೂರ್ತಿ 1860ರಲ್ಲಿ ಒಡೆಸ್ಸಾದಲ್ಲಿ ಜನನ, ಓದು, ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆ, 1892ರ ಕಾಲರಾ ಲಸಿಕೆ. ಪರೀಕ್ಷೆಗೆ ಬರೆದ ಟಿಪ್ಪಣಿಯ ಹಾಗಿದೆ. ‘ಮಹಾನ್ ಚೇತನ’ ಅಂತ ಆರು ಕಡೆ ಬರೆದಿದ್ದೀರಿ. ಆರನ್ನೂ ಹೊಡೆದುಹಾಕಿ. ಅಷ್ಟು ಹೊಗಳಿದರೂ ಮನುಷ್ಯ ಕಣ್ಣಿಗೆ ಕಾಣಲೇ ಇಲ್ಲ, ನೋಡಿ.

ಅವರು ಕಾಣುವುದು 1896ರ ಕೊನೆಗೆ, ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಸಣ್ಣ ಕೋಣೆಯಲ್ಲಿ. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟು ಪ್ಲೇಗಿನ ರೋಗಾಣು ಬೆಳೆಸಿದರು. ಅವು ಹನಿಗೆ ಜೋತುಬಿದ್ದು ಕೆಳಮುಖವಾಗಿ ಬೆಳೆದವು. ನಮ್ಮ ಅಡುಗೆಮನೆಯ ತುಪ್ಪ ರೀ! ನೀವು ಇದಕ್ಕೆ ಕೊಟ್ಟಿರುವುದು ಅರ್ಧ ಸಾಲು. ಇಲ್ಲಿಂದಲೇ ಶುರು ಮಾಡಿ. 1897ರ ಜನವರಿ 10ರಂದು ಅವರು ಲಸಿಕೆಯನ್ನು ಮೊದಲು ತಮಗೇ ಚುಚ್ಚಿಸಿಕೊಂಡರಲ್ಲ, ಅಲ್ಲಿಯವರೆಗೂ ಓದುಗರು ಪುಟ ಹಾರಿಸದೆ ಬರುತ್ತಾರೆ. ಮುಂಬಯಿಯ ಬೈಕುಲಾ ಜೈಲಿನ ಕೈದಿಗಳಿಗೆ ಲಸಿಕೆ ಹಾಕಿ ನೋಡಿದ ಪ್ರಯೋಗ ಆಮೇಲೆ ಬರಲಿ.

ನನ್ನ ದೊಡ್ಡ ತಕರಾರು ಮಲ್ಕೋವಾಲ್ ಬಗ್ಗೆ. “1902ರಲ್ಲಿ ಒಂದು ಅಹಿತಕರ ಘಟನೆ ನಡೆಯಿತು” ಅಂತ ಬರೆದು ಸುಮ್ನೆ ಮುಂದೆ ಹೋಗಿದ್ದೀರಿ. ಪಂಜಾಬಿನ ಆ ಹಳ್ಳಿಯಲ್ಲಿ ಅವತ್ತು ಲಸಿಕೆ ಹಾಕಿಸಿಕೊಂಡವರು 107 ಜನ. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹತ್ತೊಂಬತ್ತು ಮಂದಿಗೂ ಹೋಗಿದ್ದು ಒಂದೇ ಬಾಟಲಿಯ ಲಸಿಕೆ. ತಪ್ಪು ಹಾಫ್ಕಿನ್ ಲ್ಯಾಬಿನದೇ ಎಂದಿತು ತನಿಖೆ. ಅವರನ್ನು ಕೆಲಸದಿಂದ ದೂರವಿಟ್ಟರು. ಆದರೆ ಹಳ್ಳಿಯಲ್ಲಿ ಬಾಟಲಿ ತೆರೆಯುವಾಗ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧ ಮಾಡದೆ ಬಿರಡೆ ಕಿತ್ತಿದ್ದರು. ಕಳಂಕ ತೊಳೆಯಲು 1907 ಬರಬೇಕಾಯಿತು. ಅದೂ ಮಲೇರಿಯಾ ಸಂಶೋಧನೆಗೆ ನೊಬೆಲ್ ಪಡೆದ ರೊನಾಲ್ಡ್ ರಾಸ್ ಅಂಥವರು ಪತ್ರಿಕೆಗೆ ಬರೆದ ಮೇಲೆ.

ಇದನ್ನು ಬರೆದರೆ ನಿಮ್ಮ ನಾಯಕ ಸಣ್ಣವನಾಗುತ್ತಾನೆ ಅಂತ ಹೆದರಿದಿರಾ? ನೆಲಕ್ಕೆ ಬಿದ್ದ ಆ ಇಕ್ಕಳ ಒಂದೇ ಸಾಕು, ನಿಮ್ಮ ಆರು ‘ಮಹಾನ್ ಚೇತನ’ಕ್ಕಿಂತ ಜಾಸ್ತಿ ಹೇಳುತ್ತದೆ. ಸತ್ತವರಿಗೂ ಒಂದು ಪ್ಯಾರಾ ಕೊಡಿ. ನಂಬಿ ತೋಳು ಚಾಚಿದವರು ಅವರೇ ಅಲ್ವಾ?

ಕೊನೆಯ ‘ಇಂದಿನ ಯುವಜನತೆ ಕಲಿಯಬೇಕಾದದ್ದು’ ಬೇಡ. 1925ರಲ್ಲಿ ಮುಂಬಯಿಯ ಪರೇಲಿನಲ್ಲಿದ್ದ ಅವರ ಲ್ಯಾಬಿಗೆ ಅವರ ಹೆಸರಿಟ್ಟರು ಅಂದಿದ್ದೀರಲ್ಲ, ಅಲ್ಲಿಗೆ ನಿಲ್ಲಿಸಿ. ತಿದ್ದಿದ್ದನ್ನು ನನಗೇ ಕಳಿಸಿ, ಕಾಯುತ್ತಿರುತ್ತೇನೆ.