ಟೆನಿಸ್ ಚೆಂಡಲ್ಲಿ ಬೌನ್ಸ್ ಜಗ್ಲಿಂಗ್ (ಚೆಂಡುಗಳನ್ನು ನೆಲಕ್ಕೆ ಪುಟಿಸಿ ಸರದಿಯಲ್ಲಿ ಹಿಡಿಯೋದು): ಮೂರನೆಯ ಚೆಂಡು ಮುಂದಕ್ಕೆ ಓಡಿಹೋಗುತ್ತೆ, ಏನು ಮಾಡ್ಲಿ? ಕಾಲಡಿಯಿಂದ ಬಿಡೋ ಟ್ರಿಕ್ ಹೇಗೆ?

ಬಹುಶಃ ಚೆಂಡೇ ಕಾರಣ. ಟೆನಿಸ್ ಚೆಂಡು 254 ಸೆಂ.ಮೀ. ಎತ್ತರದಿಂದ ಬಿಟ್ಟರೆ ಆಟದ ನಿಯಮದಂತೆ 135–147 ಸೆಂ.ಮೀ. ಅಷ್ಟೇ ಏಳೋದು. ಕೈಗೆ ಸಿಗಲಿ ಅಂತ ನೀವು ನೆಲಕ್ಕೆ ಬಡೀತೀರಿ, ಅದು ಮುಂದಕ್ಕೆ ಚಿಮ್ಮುತ್ತೆ. ಸಿಲಿಕೋನ್ ಚೆಂಡು ಅಥವಾ ಲ್ಯಾಕ್ರೋಸ್ ಆಟದ ಗಟ್ಟಿ ರಬ್ಬರ್ ಚೆಂಡು ತಗೊಳ್ಳಿ. ಯಾವ ನೆಲದ ಮೇಲೆ ಆಡ್ತೀರಿ ಅಂತ ನೀವು ಬರೆದಿಲ್ಲ. ತರಿತರಿ ಟೆರೇಸಾದ್ರೆ ಯಾವ ಚೆಂಡೂ ಹೇಳಿದ ಮಾತು ಕೇಳಲ್ಲ, ಗ್ರಾನೈಟ್ ಒಳ್ಳೇದು.

ಮೊದಲು ಒಂದೇ ಚೆಂಡು. ಅಂಗೈ ಮೇಲ್ಮುಖವಾಗಿಟ್ಟು ನಾಲ್ಕು ಬೆರಳಷ್ಟು ಎತ್ತಿ ಬಿಡಿ. ಎರಡೂ ಕೈಗಳ ನಡುವೆ ಹಾಕಿದ ಸೀಮೆಸುಣ್ಣದ ಗುರುತಿಗೆ ಬಿದ್ದು ಇನ್ನೊಂದು ಕೈಗೆ ಬರಬೇಕು. ಅದು ನೆಲ ತಾಕಿ ಮೇಲೇಳುವಾಗ ಎರಡನೆಯದು. ಈ ಲಯ ಕೂತ ಮೇಲೇ ಮೂರನೆಯದು.

ನೀವು ಕೇಳಿದ ಕಾಲಡಿಯ ಟ್ರಿಕ್ ಆಮೇಲೆ: ತೊಡೆ ಎತ್ತಿ ಒಂದೇ ಒಂದು ಚೆಂಡನ್ನು ಅದರಡಿಯಿಂದ ಬಿಡಿ, ಗುರುತು ಅದೇ.